ಬಚ್ಚಲ ಒಲೆಯ ಹೊಗೆ ವಾಪಸ್ ಒಳಗೇ ಬರುತ್ತಿದೆ, ಚಿಮಣಿ ಎಳೆತ ಸರಿಮಾಡೋದು ಹೇಗೆ?

ಹಳೇಮನೆ_ಬಸವನಗುಡಿ

ಎಲ್ಲರಿಗೂ ನಮಸ್ಕಾರ. ಗಾಂಧಿ ಬಜಾರ್ ಹತ್ತಿರ ನಮ್ಮದು ಹಳೇ ಮನೆ. ಬಚ್ಚಲಲ್ಲಿ ತಾತನ ಕಾಲದ ನೀರೊಲೆ ಇದೆ, ಮೇಲೆ ತಾಮ್ರದ ಹಂಡೆ. ತಾರಸಿ ಮೇಲೆ ಸೋಲಾರ್ ಕೂಡ ಇದೆ. ಆದರೆ ಅಪ್ಪನಿಗೆ ಹಂಡೆ ನೀರೇ ಆಗಬೇಕು. ಆಷಾಢದಲ್ಲಿ ವಾರಗಟ್ಟಲೆ ಮೋಡ ಕವಿದರೆ ನಮಗೂ ಅದೇ ಗತಿ.

ಕರಟ, ತೆಂಗಿನ ಮಟ್ಟೆ, ಒಂದಿಷ್ಟು ಸೌದೆ ಉರಿಸುತ್ತೇವೆ. ಒಲೆ ಹಿಂದಿನಿಂದ 4 ಇಂಚಿನ ಪೈಪ್ ಗೋಡೆ ದಾಟಿ ಹೊರಗೆ ಹೋಗಿ ತಾರಸಿ ಮೇಲೆ ಏಳುತ್ತದೆ. ಒಲೆಯಿಂದ ತುದಿವರೆಗೆ ಸುಮಾರು 13 ಅಡಿ. ಬಚ್ಚಲು ರಿಪೇರಿ ಮಾಡಿಸಿದ ಮೇಲೆ ಬೆಳಿಗ್ಗೆ ಒಲೆ ಹಚ್ಚಿದರೆ ಸಾಕು, ಹೊಗೆಯೆಲ್ಲ ಒಲೆಬಾಯಿಂದ ವಾಪಸ್. ಅಪ್ಪ ಕಣ್ಣೊರೆಸಿಕೊಂಡು ಕೆಮ್ಮುತ್ತಾ ಕೂರುತ್ತಾರೆ. ಸಂಜೆ ಹಚ್ಚಿದರೆ ಅಷ್ಟು ಕಾಟ ಇಲ್ಲ.

ಅದೇ ಸಮಯಕ್ಕೆ ಪಕ್ಕದ ಸೈಟಿನಲ್ಲಿ ನಾಲ್ಕು ಮಹಡಿ ಕಟ್ಟಡ ಎದ್ದಿದೆ. ಅದೇ ಕಾರಣ ಅಂತ ನನ್ನ ಅನುಮಾನ. ಹೊಗೆ ಕಡಿಮೆ ಆಗಲಿ ಅಂತ ಇಸ್ತ್ರಿ ಅಂಗಡಿಯವರು ತರಿಸುವ ಕಡೆಯಿಂದ ಒಂದು ಮೂಟೆ ಇದ್ದಿಲು ತಂದೆ. ಅದು ಅರ್ಧ ಉರಿದು ಆರಿಹೋಗುತ್ತದೆ. ಪೈಪ್ ಎತ್ತರ ಮಾಡಲೇ? ಪೈಪಿನೊಳಗೆ ಫ್ಯಾನ್ ಕೂರಿಸಲೇ?

ಸುಮ್ನೆ_ಬಂದೆ

ಗೀಸರ್ ಹಾಕಿಸಿ ಗುರು. 2 ನಿಮಿಷದ ಕೆಲಸ.

ಹಳೇಮನೆ_ಬಸವನಗುಡಿ

ಇದೆ. ಅಪ್ಪ ಅದರ ಮೇಲೆ ಟವೆಲ್ ಒಣಹಾಕುತ್ತಾರೆ.

ಪೀಣ್ಯ_ವೆಲ್ಡಿಂಗ್

ಸರ್, ಪೈಪ್ ಎತ್ತರಿಸಿ, ಅಷ್ಟೇ. ತಾರಸಿ ದಾಟಿ ಕನಿಷ್ಠ 3 ಅಡಿ ಮೇಲಿರಬೇಕು. ಸುತ್ತ 10 ಅಡಿಯೊಳಗೆ ಗೋಡೆ, ನೀರಿನ ಟ್ಯಾಂಕ್ ಏನಿದ್ದರೂ ಅದಕ್ಕಿಂತ 2 ಅಡಿ ಮೇಲೆ ಹೋಗಬೇಕು. ಚಿಮಣಿ ಕೆಲಸದವರೆಲ್ಲ ಪಾಲಿಸುವ ಅಳತೆ ಇದು. ಜಿಐ ಪೈಪಿನಲ್ಲಿ ಇನ್ನೊಂದು 5 ಅಡಿ ಜೋಡಿಸಿ ಮೂರು ಕಡೆ ತಂತಿ ಎಳೆದು ಕಟ್ಟಿದರೆ ಗಾಳಿಗೂ ಅಲ್ಲಾಡಲ್ಲ.

ಮೇಷ್ಟ್ರು_ಜಯನಗರ

ತಡೆಯಿರಿ, ದುಡ್ಡು ಖರ್ಚು ಮಾಡುವ ಮುಂಚೆ ಒಂದೆರಡು ವಿಷಯ ನೋಡೋಣ.

ಚಿಮಣಿ ತಾನಾಗಿ ಏನನ್ನೂ ಎಳೆಯುವುದಿಲ್ಲ. ಒಳಗಿನ ಬಿಸಿಗಾಳಿ ಹಗುರ, ಹೊರಗಿನ ತಣ್ಣನೆ ಗಾಳಿ ಭಾರ. ಭಾರದ ಗಾಳಿ ಒಲೆಬಾಯಿಂದ ನುಗ್ಗಿ ಹಗುರದ್ದನ್ನು ಮೇಲಕ್ಕೆ ತಳ್ಳುತ್ತದೆ. ನಾವು ಎಳೆತ ಅನ್ನುವುದು ಈ ತಳ್ಳಾಟವನ್ನೇ. ಅದರ ಬಲ ಎರಡರ ಮೇಲೆ ನಿಂತಿದೆ: ಪೈಪಿನ ಎತ್ತರ, ಒಳಹೊರಗಿನ ಬಿಸಿಯ ವ್ಯತ್ಯಾಸ.

ನಿಮ್ಮ ಲೆಕ್ಕವನ್ನೇ ಹಾಕೋಣ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರ. ಇಲ್ಲಿ ಗಾಳಿಯೇ ಶೇಕಡ 10ರಷ್ಟು ತೆಳು, ಹಾಗಾಗಿ ಅದೇ ಒಲೆ ಮಂಗಳೂರಿನಲ್ಲಿದ್ದರೆ ಅಷ್ಟು ಜಾಸ್ತಿ ಎಳೆಯುತ್ತಿತ್ತು. ಹೊರಗೆ 25 ಡಿಗ್ರಿ, ಪೈಪಿನೊಳಗೆ ಸರಾಸರಿ 150 ಡಿಗ್ರಿ, ಎತ್ತರ 4 ಮೀಟರ್ ಅಂದುಕೊಂಡರೆ ಸಿಗುವ ಎಳೆತ ಸುಮಾರು 12 ಪಾಸ್ಕಲ್ (ಒತ್ತಡ ಅಳೆಯುವ ಮಾನ). ನೀರಿನ ಲೆಕ್ಕದಲ್ಲಿ ಒಂದೂಕಾಲು ಮಿಲಿಮೀಟರ್. ಪೈಪ್ ಬರೀ 80 ಡಿಗ್ರಿ ಇದ್ದರೆ ಅದರ ಅರ್ಧ. ತಣ್ಣಗಿದ್ದರೆ ಸೊನ್ನೆ. ಇಷ್ಟು ಪುಕ್ಕಲು ಬಲ ಇದು. ಅಡ್ಡಿ ಮಾಡಲು ನಾಲ್ಕು ಮಹಡಿ ಕಟ್ಟಡವೇ ಬೇಕು ಅಂತಿಲ್ಲ.

ಈಗ ಹೇಳಿ. ಪೈಪಿನಲ್ಲಿ ಎಷ್ಟು ತಿರುವು ಇವೆ? ತುದಿಯಲ್ಲಿ ಟೋಪಿ ಹೇಗಿದೆ? ಕೊನೆಯ ಸಲ ಮಸಿ ತೆಗೆಸಿದ್ದು ಯಾವಾಗ? ರಿಪೇರಿಯಲ್ಲಿ ಏನೇನು ಬದಲಾಯಿತು? ಮುಖ್ಯವಾಗಿ, ಬೆಳಿಗ್ಗೆಗೂ ಸಂಜೆಗೂ ಏನು ವ್ಯತ್ಯಾಸ?

ಹಳೇಮನೆ_ಬಸವನಗುಡಿ

ಮೇಷ್ಟ್ರೇ, ತಿರುವು ಎರಡು. ಒಲೆ ಬಿಟ್ಟ ಕೂಡಲೇ ಒಂದು ಎಲ್ಬೋ, ಗೋಡೆಯಾಚೆ ಇನ್ನೊಂದು. ಮಸಿ ತೆಗೆಸಿದ್ದು ನೆನಪಿಲ್ಲ. ಟೋಪಿ ತಗಡಿನದು, ಪೈಪಿನ ಬಾಯಿಗೂ ಅದಕ್ಕೂ ಮಧ್ಯೆ ಎರಡು ಬೆರಳು ತೂರುವಷ್ಟು ಜಾಗ.

ರಿಪೇರಿಯಲ್ಲಿ ಟೈಲ್ಸ್ ಹಾಕಿಸಿದೆವು. ಮರದ ಕಿಟಕಿ ತೆಗೆದು ಯುಪಿವಿಸಿ ಕಿಟಕಿ ಬಂತು. ಬಾಗಿಲೂ ಹೊಸದು, ಸುತ್ತ ರಬ್ಬರ್ ಪಟ್ಟಿ. ಮೊದಲು ಮೇಲೆ ಒಂದು ಗವಾಕ್ಷಿ ಇತ್ತು, ಅಲ್ಲಿ ಈಗ ಎಕ್ಸಾಸ್ಟ್ ಫ್ಯಾನ್. ಎಲೆಕ್ಟ್ರಿಷಿಯನ್ ಅದನ್ನು ಲೈಟಿನ ಸ್ವಿಚ್ಚಿಗೇ ಸೇರಿಸಿದ್ದಾನೆ. ಬೆಳಿಗ್ಗೆಗೂ ಸಂಜೆಗೂ ಬೇರೇನೂ ವ್ಯತ್ಯಾಸ ಇಲ್ಲ. ಅಪ್ಪ ಏಳುವಾಗ ಕತ್ತಲಿರುತ್ತದೆ, ಅಷ್ಟೇ.

ಅಕ್ಕ_ಮಲ್ಲೇಶ್ವರ

ಕತ್ತಲಿದ್ದರೆ ಲೈಟು ಹಾಕುತ್ತಾರೆ. ಲೈಟು ಹಾಕಿದರೆ ಫ್ಯಾನು ತಿರುಗುತ್ತೆ. ಅಲ್ವಾ?

ಮೇಷ್ಟ್ರು_ಜಯನಗರ

ಅಕ್ಕ, ನಾನು ಒಂದು ಪುಟ ಬರೆಯಬೇಕು ಅಂತಿದ್ದದ್ದನ್ನು ಒಂದು ಸಾಲಿನಲ್ಲಿ ಮುಗಿಸಿದಿರಿ.

ಕಿಟಕಿ ಬಾಗಿಲು ಬಿಗಿಯಾಗಿರುವ ಬಚ್ಚಲಿನಿಂದ ಫ್ಯಾನ್ ಗಾಳಿ ಹೊರಗೆಸೆಯುತ್ತಿದ್ದರೆ, ಅಷ್ಟು ಗಾಳಿ ಇನ್ನೆಲ್ಲಿಂದಲಾದರೂ ಒಳಗೆ ಬರಲೇಬೇಕು. ಉಳಿದಿರುವ ದೊಡ್ಡ ತೂತು ಚಿಮಣಿ ಒಂದೇ. ಸಣ್ಣ ಬಚ್ಚಲ ಫ್ಯಾನ್ ಕೂಡ 12 ಪಾಸ್ಕಲ್‌ಗಿಂತ ಜಾಸ್ತಿ ಒತ್ತಡ ಹುಟ್ಟಿಸಬಲ್ಲದು. ಚಿಮಣಿ ಸೋತು ಉಲ್ಟಾ ಹೊಡೆಯುತ್ತದೆ. ಸಂಜೆ ಬೆಳಕಿರುವಾಗ ಲೈಟೂ ಇಲ್ಲ, ಫ್ಯಾನೂ ಇಲ್ಲ. ಜೊತೆಗೆ ಪೈಪ್ ಇಡೀ ದಿನ ಬಿಸಿಲು ಕಾದಿರುತ್ತದೆ, ಹಚ್ಚುವ ಮೊದಲೇ ಒಂದಿಷ್ಟು ಎಳೆತ ಇರುತ್ತದೆ. ಬೆಳಿಗ್ಗೆ ಅದೂ ಇಲ್ಲ.

ನಂಬಿಕೆಗೆ ಒಂದು ಪರೀಕ್ಷೆ. ಒಲೆ ಹಚ್ಚಬೇಡಿ. ಊದಿನಕಡ್ಡಿ ಹಚ್ಚಿ ಒಲೆಬಾಯಿ ಮುಂದೆ ಹಿಡಿಯಿರಿ. ಮೊದಲು ಕಿಟಕಿ ತೆಗೆದು, ಫ್ಯಾನ್ ಇಲ್ಲದೆ. ಆಮೇಲೆ ಎಲ್ಲ ಮುಚ್ಚಿ, ಫ್ಯಾನ್ ಹಾಕಿ. ಹೊಗೆಯ ಎಳೆ ಯಾವ ಕಡೆ ವಾಲುತ್ತದೆ ನೋಡಿ.

ಲೋಕೋಶೆಡ್_ಮಗ

ನಮ್ಮ ತಂದೆ ರೈಲ್ವೆಯಲ್ಲಿ ಉಗಿ ಇಂಜಿನ್‌ಗೆ ಕಲ್ಲಿದ್ದಲು ಹಾಕುತ್ತಿದ್ದವರು. ಇಂಜಿನ್ ಚಿಮಣಿ ಎಷ್ಟು ಗಿಡ್ಡ ನೋಡಿದ್ದೀರಲ್ಲ? ಎತ್ತರ ಇಟ್ಟರೆ ಸೇತುವೆಗೆ ಬಡಿಯುತ್ತದೆ. ಎತ್ತರ ಇಲ್ಲದೆ ಎಳೆತ ಎಲ್ಲಿಂದ? ಸಿಲಿಂಡರಿನಲ್ಲಿ ಕೆಲಸ ಮುಗಿಸಿದ ಉಗಿಯನ್ನು ಚಿಮಣಿಯೊಳಗೆ ಮೇಲ್ಮುಖವಾಗಿ ಚಿಮ್ಮಿಸುತ್ತಾರೆ. ಅದು ಹೊಗೆಯನ್ನು ಎಳೆದುಕೊಂಡೇ ಹೋಗುತ್ತದೆ. ಚುಕ್‌ಬುಕ್ ಅನ್ನುವ ಸದ್ದೇ ಅದು. 1829ರ ಸ್ಟೀಫನ್‌ಸನ್‌ರ ರಾಕೆಟ್ ಇಂಜಿನ್ನಿನಲ್ಲೂ ಇದೇ ಉಪಾಯ. ಏರು ಹತ್ತುವಾಗ ಉಗಿ ಜೋರು, ಎಳೆತ ಜೋರು, ಬೆಂಕಿಯೂ ಜೋರು. ಫೈರ್‌ಮನ್ ಕೆಲಸ ಅಂದರೆ ಬರೀ ಸಲಿಕೆ ಎತ್ತುವುದಲ್ಲ, ಜಾಲರಿಯ ಮೇಲೆ ಎಲ್ಲೂ ತೂತು ಬೀಳದ ಹಾಗೆ ಕಲ್ಲಿದ್ದಲು ಹರಡುವುದು ಅನ್ನುತ್ತಿದ್ದರು ಅಪ್ಪ. ತೂತು ಬಿದ್ದರೆ ತಣ್ಣನೆ ಗಾಳಿ ಅಲ್ಲಿಂದಲೇ ನುಗ್ಗುತ್ತದೆ.

ಇದ್ದಿಲು ಯಾಕೆ ಆರುತ್ತದೆ ಅಂದಿರಿ. ನಿಮ್ಮ ಒಲೆಯಲ್ಲಿ ಜಾಲರಿ ಇದೆಯಾ?

ಹಳೇಮನೆ_ಬಸವನಗುಡಿ

ಇಲ್ಲ ಸರ್. ನೆಲದ ಮೇಲೇ ಉರಿ.

ಸ್ಕ್ರಾಂಟನ್_ಕನ್ನಡಿಗ

ನಾನು ಹುಟ್ಟಿ ಬೆಳೆದದ್ದು ಚಾಮರಾಜಪೇಟೆ. ಈಗ ಇರುವುದು ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಸೀಮೆಯಲ್ಲಿ. ಇಲ್ಲಿ ಇವತ್ತಿಗೂ ನೆಲಮಾಳಿಗೆಯಲ್ಲಿ ಆಂತ್ರಸೈಟ್ ಅನ್ನುವ ಗಟ್ಟಿ ಕಲ್ಲಿದ್ದಲು ಉರಿಸಿ ಮನೆ ಬೆಚ್ಚಗಿಡುವವರಿದ್ದಾರೆ, ನಾನೂ ಒಬ್ಬ. ಹಾಗಾಗಿ ಎರಡು ಮಾತು.

ಸೌದೆಗೆ ಮೇಲಿನಿಂದ, ಪಕ್ಕದಿಂದ ಗಾಳಿ ಬಂದರೂ ನಡೆಯುತ್ತದೆ. ಕಲ್ಲಿದ್ದಲಿಗೂ ಇದ್ದಿಲಿಗೂ ಗಾಳಿ ಕೆಳಗಿನಿಂದ, ರಾಶಿಯ ಒಳಗಿಂದಲೇ ಹಾದುಹೋಗಬೇಕು. ಜಾಲರಿ ಇಲ್ಲದಿದ್ದರೆ ಮೇಲ್ಭಾಗ ಮಾತ್ರ ಕೆಂಡವಾಗಿ ಬೂದಿ ಮುಚ್ಚಿಕೊಳ್ಳುತ್ತದೆ, ಅಷ್ಟಕ್ಕೇ ನಿಲ್ಲುತ್ತದೆ. ಕಬ್ಬಿಣದ ಸರಳಿನ ಜಾಲರಿ ಕೂರಿಸಿ, ಕೆಳಗೆ ಬೂದಿಗೆ ಒಂದು ಗೂಡು, ಅದಕ್ಕೊಂದು ಪುಟ್ಟ ಬಾಗಿಲು ಮಾಡಿಸಿ. ಉರಿ ಏರಿಸುವುದು ಇಳಿಸುವುದು ಆ ಬಾಗಿಲಿನಿಂದ.

ಇಲ್ಲಿ ಕೈಯಲ್ಲಿ ಕಲ್ಲಿದ್ದಲು ತುಂಬುವ ಫರ್ನೇಸಿಗೆ ಸಾಮಾನ್ಯವಾಗಿ 0.04ರಿಂದ 0.06 ಇಂಚು ನೀರಿನಷ್ಟು ಎಳೆತ ಇಡುತ್ತಾರೆ, ಅಂದರೆ 10ರಿಂದ 15 ಪಾಸ್ಕಲ್. ನಿಖರ ಅಂಕಿ ಫರ್ನೇಸ್ ಜೊತೆ ಬರುವ ಕೈಪಿಡಿಯಲ್ಲಿರುತ್ತದೆ. ನಮ್ಮ ಕಷ್ಟ ನಿಮ್ಮದಕ್ಕೆ ಉಲ್ಟಾ. ಹೊರಗೆ ಮೈನಸ್ 15 ಆದಾಗ ಎಳೆತ ಮಿತಿ ಮೀರುತ್ತದೆ, ಕಲ್ಲಿದ್ದಲು ಭಗ್ಗನೆ ಉರಿದು ಶಾಖ ಎಲ್ಲ ಚಿಮಣಿ ಪಾಲು. ಅದಕ್ಕೆ ಹೊಗೆ ಪೈಪಿಗೆ ಬ್ಯಾರೊಮೆಟ್ರಿಕ್ ಡ್ಯಾಂಪರ್ ಹಾಕುತ್ತೇವೆ. ತಿರುಗಣಿ ಮೇಲೆ ತೂಗುವ ಒಂದು ತಗಡಿನ ತಟ್ಟೆ, ಅದಕ್ಕೊಂದು ಸಣ್ಣ ತೂಕ. ಎಳೆತ ಜಾಸ್ತಿಯಾದಾಗ ತಟ್ಟೆ ತಾನೇ ತೆರೆದು ಕೋಣೆಯ ಗಾಳಿಯನ್ನು ಪೈಪಿಗೆ ಬಿಡುತ್ತದೆ. ಬೆಂಕಿಯ ಮೇಲಿನ ಎಳೆತ ಅಷ್ಟಕ್ಕೇ ನಿಲ್ಲುತ್ತದೆ. ಬೆಂಕಿ ಚೆನ್ನಾಗಿ ಹಿಡಿದ ಮೇಲೆ, ಫರ್ನೇಸಿಗೂ ಡ್ಯಾಂಪರಿಗೂ ಮಧ್ಯೆ ಅಳತೆ ತೆಗೆದು ತೂಕ ಹೊಂದಿಸಬೇಕು. ತಟ್ಟೆಯಾಚೆ ಅಳೆದರೆ ಚಿಮಣಿಯ ಎಳೆತ ಗೊತ್ತಾಗುತ್ತದೆ, ಬೆಂಕಿಯದಲ್ಲ.

ಇದನ್ನು ನೋಡಿ ಯಾರೂ ಸೌದೆ ಒಲೆಗೆ ಹಾಕಲು ಹೋಗಬೇಡಿ. ಸೌದೆಯ ಹೊಗೆ ತಣ್ಣಗಾದರೆ ಪೈಪಿನೊಳಗೆ ಟಾರು ಕಟ್ಟುತ್ತದೆ. ಅದಕ್ಕೆ ಬೆಂಕಿ ಹತ್ತಿದ ದಿನ ಈ ತಟ್ಟೆ ತೆರೆದುಕೊಂಡು ಅದಕ್ಕೇ ಗಾಳಿ ಕೊಡುತ್ತದೆ.

ಪೀಣ್ಯ_ವೆಲ್ಡಿಂಗ್

ಸೌದೆಗೆ ಮಾಮೂಲಿ ಚಿಟ್ಟೆ ತಟ್ಟೆ ಸಾಕಲ್ವಾ? ಪೈಪಿನೊಳಗೆ ಅಡ್ಡ ಕೂರಿಸಿ ಹೊರಗೊಂದು ಹಿಡಿ. ಕೆಂಡ ಆದ ಮೇಲೆ ಮುಚ್ಚಿಬಿಟ್ಟರೆ ನೀರು ಮಧ್ಯಾಹ್ನದವರೆಗೂ ಬಿಸಿ ಇರುತ್ತದೆ.

ಸ್ಕ್ರಾಂಟನ್_ಕನ್ನಡಿಗ

ಅಣ್ಣ, ಅದೊಂದು ಬೇಡ. ಕೆಂಡ ಇರುವಾಗ ಹೊಗೆ ಕಾಣಲ್ಲ ಅಷ್ಟೇ, ಕಾರ್ಬನ್ ಮಾನಾಕ್ಸೈಡ್ ಬರುತ್ತಲೇ ಇರುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ. ನಮ್ಮ ರಕ್ತ ಅದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ತಲೆನೋವು, ವಾಕರಿಕೆ, ಮಂಪರು. ಬಚ್ಚಲಲ್ಲಿ ಕೂತವರಿಗೆ ಬಿಸಿನೀರಿನ ಹಬೆಗೆ ಹಾಗಾಗಿದೆ ಅನ್ನಿಸುತ್ತದೆ.

ಅಕ್ಕ_ಮಲ್ಲೇಶ್ವರ

ನಮ್ಮಜ್ಜಿ ಅರವತ್ತು ವರ್ಷ ನೀರೊಲೆ ಮುಂದೆ ಕೂತರು. ಕೆಂಡ ಇರುವಾಗಲೇ ಸ್ನಾನ ಮಾಡಿಸುತ್ತಿದ್ದರು. ಒಬ್ಬರಿಗೂ ಏನೂ ಆಗಲಿಲ್ಲವಲ್ಲ.

ಮೇಷ್ಟ್ರು_ಜಯನಗರ

ಅಜ್ಜಿಯ ಬಚ್ಚಲಿಗೆ ಮಂಗಳೂರು ಹೆಂಚು ತಾನೇ? ಹೆಂಚಿನ ಸಂದಿಯಲ್ಲಿ ಬೆಳಕು ಕಾಣುತ್ತಿತ್ತು. ಬಾಗಿಲ ಕೆಳಗೆ ಬೆಕ್ಕು ನುಸುಳುವಷ್ಟು ಜಾಗ ಇರುತ್ತಿತ್ತು. ಆ ಕೋಣೆಯೇ ಒಂದು ಚಿಮಣಿ. ಅಲ್ಲಿ ಕಣ್ಣುರಿ, ಕೆಮ್ಮು ಬಂದಿರಬಹುದು, ಉಸಿರು ಕಟ್ಟುವುದು ಕಷ್ಟ. ಈಗಿನ ಬಚ್ಚಲು ಡಬ್ಬಿ. ಬಿಗಿಯಾಗಿ ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಇಟ್ಟು ಪ್ರಾಣ ಕಳೆದುಕೊಂಡವರ ಸುದ್ದಿ ನಮ್ಮೂರ ಪತ್ರಿಕೆಗಳಲ್ಲೇ ಬಂದಿದೆ. ಅದಕ್ಕಿಂತ ಇದ್ದಿಲು ಒಳ್ಳೆಯದು ಅಂದುಕೊಳ್ಳಬೇಡಿ, ಇನ್ನೂ ಕೆಟ್ಟದ್ದು.

ಚಿಟ್ಟೆ ತಟ್ಟೆ ಹಾಕಲೇಬೇಕಾದರೆ ಅದರಲ್ಲಿ ಕಾಲುಭಾಗ ಕತ್ತರಿಸಿ ತೆಗೆಯಿರಿ. ಪೂರ್ತಿ ಮುಚ್ಚಿದರೂ ದಾರಿ ಇರಬೇಕು. ನನ್ನ ಕೇಳಿದರೆ ಬೇಡವೇ ಬೇಡ. ಉರಿ ತಗ್ಗಿಸಬೇಕೇ? ಕೆಳಗಿನ ಗಾಳಿ ಬಾಗಿಲು ಸಣ್ಣದು ಮಾಡಿ. ಒಳಗೆ ಬರುವ ಗಾಳಿ ತಡೆದರೆ ಬೆಂಕಿ ತಗ್ಗುತ್ತದೆ, ಹೊಗೆ ಮಾತ್ರ ಮೇಲೇ ಹೋಗುತ್ತದೆ. ಮೇಲೆ ತಡೆದರೆ ಅದು ನಿಮ್ಮ ಮೂಗಿಗೇ ಬರುತ್ತದೆ.

ಹಳೇಮನೆ_ಬಸವನಗುಡಿ

ಊದಿನಕಡ್ಡಿ ಪರೀಕ್ಷೆ ಆಯಿತು. ಕಿಟಕಿ ತೆಗೆದು ಫ್ಯಾನ್ ಇಲ್ಲದಾಗ ಹೊಗೆ ನಿಧಾನಕ್ಕೆ ಒಲೆಯೊಳಗೆ ಹೋಯಿತು. ಎಲ್ಲ ಮುಚ್ಚಿ ಸ್ವಿಚ್ ಹಾಕಿದ ತಕ್ಷಣ ಒಲೆಯೊಳಗಿಂದ ಹಳೇ ಬೂದಿ ಹಾರಿ ನನ್ನ ಮುಖಕ್ಕೆ! ಅಪ್ಪ ಪಕ್ಕದಲ್ಲೇ ನಿಂತು ನೋಡಿದರು. ಎಲೆಕ್ಟ್ರಿಷಿಯನ್‌ಗೆ ಒಂದಷ್ಟು ಮಂಗಳಾರತಿಯೂ ಆಯಿತು.

ಫ್ಯಾನಿಗೆ ಬೇರೆ ಸ್ವಿಚ್ ಹಾಕಿಸುತ್ತಿದ್ದೇನೆ. ಎಳೆತ ನಿಜವಾಗಿ ಎಷ್ಟಿದೆ ಅಂತ ಅಳೆಯಬಹುದಾ? ಎಸ್‌ಪಿ ರಸ್ತೆಯಲ್ಲಿ ಮೀಟರ್ ಕೇಳಿದೆ, ನನ್ನ ಬಜೆಟ್‌ಗೆ ಆಗಲ್ಲ.

ಮೇಷ್ಟ್ರು_ಜಯನಗರ

ಮೀಟರ್ ಯಾಕೆ? ಮನೆಯಲ್ಲೇ ಮಾಡಿಕೊಳ್ಳಿ.

ಮೀನಿನ ತೊಟ್ಟಿಗೆ ಗಾಳಿ ಬಿಡುವ ಪಾರದರ್ಶಕ ನಳಿಕೆ ಒಂದೆರಡು ಮೀಟರ್ ತನ್ನಿ. ಅಗಲ ಬಾಯಿಯ ಉಪ್ಪಿನಕಾಯಿ ಬಾಟಲಿಯಲ್ಲಿ ಅರ್ಧ ನೀರು. ಅದಕ್ಕೆ ನಾಲ್ಕು ತೊಟ್ಟು ಇಂಕು, ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪು. ಸೋಪು ಇಲ್ಲದಿದ್ದರೆ ನೀರು ನಳಿಕೆಯ ಗೋಡೆಗೆ ಅಂಟಿಕೊಂಡು ಸುಳ್ಳು ಹೇಳುತ್ತದೆ. ಒಂದು ಮೀಟರ್ ಉದ್ದದ ಹಲಗೆಯ ಒಂದು ತುದಿಯನ್ನು ಸರಿಯಾಗಿ 10 ಸೆಂಟಿಮೀಟರ್ ಎತ್ತರಿಸಿ. ನಳಿಕೆಯನ್ನು ಅದರ ಮೇಲೆ ನೇರವಾಗಿ ಅಂಟಿಸಿ, ಪಕ್ಕದಲ್ಲಿ ಸ್ಕೇಲ್. ಕೆಳತುದಿ ಬಾಟಲಿ ನೀರಿನಲ್ಲಿ ಮುಳುಗಿರಲಿ, ಬಾಟಲಿಯ ಬಾಯಿ ತೆರೆದಿರಲಿ. ಮೇಲುತುದಿಗೆ ತೆಳ್ಳನೆ ಸ್ಟೀಲ್ ಕೊಳವೆ ಸಿಕ್ಕಿಸಿ. ಪೈಪಿನಲ್ಲಿ, ಒಲೆಯಿಂದ ಒಂದಡಿ ಮೇಲೆ ಸಣ್ಣ ತೂತು ಕೊರೆದು ಅದನ್ನು ತೂರಿಸಿ. ಪ್ಲಾಸ್ಟಿಕ್ಕನ್ನೇ ತೂರಿಸಿದರೆ ಕರಗುತ್ತದೆ.

ಎಳೆತ ಇದ್ದಾಗ ನೀಲಿ ನೀರು ಹಲಗೆ ಹತ್ತುತ್ತದೆ. ಹತ್ತಕ್ಕೊಂದು ಇಳಿಜಾರು ಆದ್ದರಿಂದ 1 ಸೆಂಟಿಮೀಟರ್ ಸರಿದರೆ ಹತ್ತಿರ ಹತ್ತಿರ 10 ಪಾಸ್ಕಲ್. ನೆಟ್ಟಗೆ ನಿಲ್ಲಿಸಿದ ನಳಿಕೆಯಲ್ಲಿ ಇದು ಬರೀ 1 ಮಿಲಿಮೀಟರ್, ಕಣ್ಣಿಗೇ ಸಿಗಲ್ಲ. ಅಳತೆ ಮುಗಿದ ಮೇಲೆ ಆ ತೂತಿಗೆ ಸ್ಕ್ರೂ ಹಾಕಿ ಮುಚ್ಚಿ.

ಒಂದು ಎಚ್ಚರಿಕೆ. ನಿಮ್ಮದು ಬೂದು ಬಣ್ಣದ ಹಳೇ ಸಿಮೆಂಟ್ ಪೈಪಾಗಿದ್ದರೆ ಕೊರೆಯಬೇಡಿ. ಅದರಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಅದರ ಧೂಳು ಶ್ವಾಸಕೋಶಕ್ಕೆ ತುಂಬಾ ಕೆಟ್ಟದ್ದು.

ಹಳೇಮನೆ_ಬಸವನಗುಡಿ

ನಮ್ಮದು ತಗಡಿನದೇ, ಭಯ ಇಲ್ಲ.

ಭಾನುವಾರ ಇಡೀ ಇದೇ ಕೆಲಸ. ಕಿಟಕಿ ತೆಗೆದು, ಫ್ಯಾನ್ ಇಲ್ಲದೆ, ಬೆಂಕಿ ಚೆನ್ನಾಗಿ ಹಿಡಿದ ಮೇಲೆ 6 ಪಾಸ್ಕಲ್. ಎಲ್ಲ ಮುಚ್ಚಿ ಫ್ಯಾನ್ ಹಾಕಿದೆ. ಇಂಕಿನ ಗೆರೆ ಸರಸರ ಕೆಳಗಿಳಿದು ಬಾಟಲಿಗೇ ಹೋಯಿತು, ಒಲೆಬಾಯಿಂದ ಹೊಗೆ. ಬೇಗ ಆರಿಸಿದೆ.

12 ಇರಬೇಕಾದ ಕಡೆ 6 ಯಾಕೆ ಅಂತ ಒಲೆ ಆರಿದ ಮೇಲೆ ಎಲ್ಬೋ ಬಿಚ್ಚಿದೆವು. ಒಳಗೆ ಎರಡು ಥರ ಇತ್ತು. ಕೆಳಗೆ ಮುಟ್ಟಿದರೆ ಉದುರುವ ಒಣ ಮಸಿ. ತಿರುವಿನ ಹೊರಮೈಗೆ ಟಾರಿನ ಹಾಗೆ ಹೊಳೆಯುವ ಗಟ್ಟಿ ಪದರ, ಉಳಿ ಇಟ್ಟು ಹೊಡೆದರೆ ಗಾಜಿನ ಥರ ಚೂರಾಯಿತು. 4 ಇಂಚಿನ ಪೈಪಿನಲ್ಲಿ ನನ್ನ ಮುಷ್ಟಿಯೂ ಹೋಗುತ್ತಿರಲಿಲ್ಲ. ತುದಿಯಲ್ಲಿ ಟೋಪಿಯ ಸಂದಿಯೂ ಮಸಿಯಿಂದ ಅರ್ಧ ಮುಚ್ಚಿತ್ತು. ತೆಗೆದು ಉಜ್ಜಿ, ಟೋಪಿಯನ್ನು 4 ಇಂಚು ಮೇಲೆತ್ತಿ ಕೂರಿಸಿದೆವು. ಈಗ 11 ಪಾಸ್ಕಲ್ ತೋರಿಸುತ್ತಿದೆ.

ಸುಮ್ನೆ_ಬಂದೆ

ಗೀಸರ್ ಹಾಕಿಸಿ ಅಂದವನು ನಾನೇ. ಈಗ ಉಪ್ಪಿನಕಾಯಿ ಬಾಟಲಿ ಖಾಲಿ ಮಾಡುತ್ತಿದ್ದೇನೆ.

ಜಾಲಹಳ್ಳಿ_ಒಲೆಪ್ರೇಮಿ

ಆ ಟಾರು ಹಸಿ ಸೌದೆಯ ಕೊಡುಗೆ. ಹಸಿ ಮಟ್ಟೆ ಬೇರೆ ಹಾಕುತ್ತೀರಿ. ಒಂದು ಬೇಸಿಗೆ ಒಣಗಿದ್ದು ಮಾತ್ರ ಹಾಕಿ. ಇನ್ನೊಂದು, ನಿಮ್ಮ ಒಲೆಬಾಯಿ ದೊಡ್ಡದಿದ್ದರೆ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ತಣ್ಣನೆ ಗಾಳಿ ಒಳಗೆ ಹೋಗಿ ಹೊಗೆಯನ್ನೂ ತಣ್ಣಗೆ ಮಾಡುತ್ತದೆ. ಎಳೆತ ಬೀಳುತ್ತದೆ, ಟಾರು ಕಟ್ಟುತ್ತದೆ. ನಮ್ಮ ಐಐಎಸ್‌ಸಿಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ಹಳ್ಳಿ ಅಡುಗೆಗೆ ಅಸ್ತ್ರ ಒಲೆ ಮಾಡಿದಾಗ ಒಲೆಬಾಯಿ ಚಿಕ್ಕದು ಮಾಡಿ, ಒಳಗೆ ಜಾಲರಿ ಕೊಟ್ಟು, ಚಿಮಣಿ ಸೇರಿಸಿದ್ದರಲ್ಲಿ ಈ ಲೆಕ್ಕವೆಲ್ಲ ಇದೆ. ಒಲೆಬಾಯಿಗೆ ಒಂದು ತಗಡಿನ ಬಾಗಿಲು ಮಾಡಿಸಿ, ಸೌದೆ ತೂರುವಷ್ಟು ಮಾತ್ರ ತೆರೆದಿರಲಿ.

ಪೀಣ್ಯ_ವೆಲ್ಡಿಂಗ್

ಬಾಗಿಲು, ಜಾಲರಿ ಎರಡೂ ನಾನೇ ಮಾಡಿಕೊಡುತ್ತೇನೆ ಸರ್, ಅಳತೆ ಕಳಿಸಿ. ಜಾಲರಿಗೆ 12 ಎಂಎಂ ಸರಳು, ಮಧ್ಯೆ ಒಂದು ಬೆರಳು ಸಂದಿ. ಇದ್ದಿಲಿಗೆ ಇದು ಸರಿಹೋಗುತ್ತದೆ.

ಆದರೂ ನನ್ನ ಎತ್ತರದ ಮಾತು ಸುಳ್ಳಲ್ಲ ಅಲ್ವಾ ಮೇಷ್ಟ್ರೇ?

ಮೇಷ್ಟ್ರು_ಜಯನಗರ

ಸುಳ್ಳಲ್ಲ. ಪಕ್ಕದ ಕಟ್ಟಡದ ಪಾತ್ರ ಗಾಳಿ ಬೀಸುವ ದಿನ ಗೊತ್ತಾಗುತ್ತದೆ. ಮುಂಗಾರಿನಲ್ಲಿ ಇಲ್ಲಿ ಗಾಳಿ ಪಶ್ಚಿಮ, ನೈಋತ್ಯದಿಂದ. ಕಟ್ಟಡ ನಿಮ್ಮ ಪೂರ್ವಕ್ಕಿದ್ದರೆ ಗಾಳಿ ಅದಕ್ಕೆ ಬಡಿದು ಒಂದಷ್ಟು ನಿಮ್ಮ ತಾರಸಿ ಕಡೆಗೆ ಕೆಳಗಿಳಿಯುತ್ತದೆ, ಚಿಮಣಿ ಬಾಯನ್ನೇ ಒತ್ತುತ್ತದೆ. ನಾಲ್ಕು ಮಹಡಿಗಿಂತ ಎತ್ತರಕ್ಕೆ ಪೈಪ್ ಏರಿಸಲು ಆಗುವುದಿಲ್ಲ. ಕಟ್ಟಡದಿಂದ ದೂರದ ಮೂಲೆಗೆ ಪೈಪ್ ಸರಿಸುವುದು ಒಂದು ದಾರಿ. ಆದರೆ ಅಡ್ಡ ಪೈಪ್ ಉದ್ದವಾದಷ್ಟೂ ಎಳೆತಕ್ಕೆ ನಷ್ಟ. ಅದಕ್ಕಿಂತ ತುದಿಗೆ ಟಿ ಆಕಾರದ ಪೈಪ್ ಹಾಕಿ ನೋಡಿ, ಎರಡೂ ಬಾಯಿ ಉತ್ತರ ದಕ್ಷಿಣಕ್ಕೆ ಇರಲಿ. ಮೇಲಿನಿಂದ ಇಳಿಯುವ ಗಾಳಿ ನೇರ ಒಳಗೆ ನುಗ್ಗುವುದಿಲ್ಲ.

ಹಳೇಮನೆ_ಬಸವನಗುಡಿ

ಕಟ್ಟಡ ಪೂರ್ವಕ್ಕೇ. ಎರಡನೇ ಮಹಡಿಯವರು ಹೊಗೆ ಕಿಟಕಿಗೆ ಬರುತ್ತದೆ ಅಂತ ಒಮ್ಮೆ ಬಂದು ಹೇಳಿದ್ದರು. ಒಣ ಸೌದೆಗೆ ಬಂದ ಮೇಲೆ ಏನೂ ಅಂದಿಲ್ಲ. ಟಿ ಪೈಪ್ ಪೀಣ್ಯ ಅಣ್ಣನಿಗೇ ಹೇಳುತ್ತೇನೆ.

ಪೈಪ್ ಇನ್ನೂ 5 ಅಡಿ ಏರಿಸಿದರೆ ಎಳೆತ ಜಾಸ್ತಿಯಾಗಿ ಸೌದೆ ತಿನ್ನುತ್ತದಾ?

ಸ್ಕ್ರಾಂಟನ್_ಕನ್ನಡಿಗ

ಹೌದು, ಲೆಕ್ಕದಲ್ಲಿ 11 ಇದ್ದದ್ದು 15ರ ಮೇಲೆ ಹೋಗುತ್ತದೆ. ಹಂಡೆಗೆ ತಗಲಬೇಕಾದ ಉರಿ ಹಿಂದಕ್ಕೆ ವಾಲಿ ಪೈಪ್ ಸೇರುತ್ತದೆ. ಒಲೆಬಾಯಲ್ಲಿ ನೋಡಿದರೆ ಗೊತ್ತಾಗುತ್ತದೆ, ಜ್ವಾಲೆ ನೆಟ್ಟಗೆ ಹಂಡೆಯ ತಳ ನೆಕ್ಕಬೇಕು. ಸದ್ಯಕ್ಕೆ ಏರಿಸಬೇಡಿ. 11 ಒಳ್ಳೆಯ ಅಂಕಿ. ಒಂದು ಕಾರ್ಬನ್ ಮಾನಾಕ್ಸೈಡ್ ಅಲಾರಂ ತಂದು ಬಚ್ಚಲ ಹೊರಗೆ, ಅಪ್ಪ ಮಲಗುವ ಕೋಣೆ ಕಡೆ ಹಾಕಿ. ಒಳಗೆ ಹಬೆಗೆ ಅದು ಹಾಳಾಗುತ್ತದೆ.

ಅಕ್ಕ_ಮಲ್ಲೇಶ್ವರ

ಬೆಳಿಗ್ಗೆ ಹಚ್ಚುವಾಗ ನಮ್ಮಜ್ಜಿ ಮೊದಲು ಎರಡು ಒಣ ಗರಿ ಹಚ್ಚಿ ಒಲೆಯ ಹಿಂದಿನ ತೂತಿನ ಹತ್ತಿರ ಹಿಡಿಯುತ್ತಿದ್ದರು. ಆಮೇಲೆ ಸೌದೆ. ಈಗ ಅರ್ಥ ಆಯಿತು, ಪೈಪ್ ಬಿಸಿ ಮಾಡುತ್ತಿದ್ದರು ಅಂತ.

ಹಳೇಮನೆ_ಬಸವನಗುಡಿ

ಇವತ್ತು ಹಾಗೇ ಮಾಡಿದೆ ಅಕ್ಕ, ಹೊಗೆ ಒಂದು ಚೂರೂ ಬರಲಿಲ್ಲ. ಅಪ್ಪ ಕೇಳುತ್ತಿದ್ದಾರೆ, ಮತ್ತೆ ಎಲ್ಬೋ ಯಾವಾಗ ಬಿಚ್ಚಬೇಕು ಅಂತ.

ಮೇಷ್ಟ್ರು_ಜಯನಗರ

ಮೊದಲ ಸಲ ಎರಡು ತಿಂಗಳಿಗೆ ಬಿಚ್ಚಿ ನೋಡಿ. ಒಣ ಮಸಿ ತೆಳ್ಳಗಿದ್ದರೆ ಮಳೆಗಾಲಕ್ಕೆ ಮುಂಚೆ ಒಮ್ಮೆ, ದೀಪಾವಳಿಗೆ ಮುಂಚೆ ಒಮ್ಮೆ ಸಾಕು. ಟಾರು ಮತ್ತೆ ಕಂಡರೆ ಸೌದೆ ಹಸಿ ಇದೆ ಅಂತ ಅರ್ಥ. ಎಲ್ಬೋ ಬದಲು ಅಲ್ಲಿ ಟಿ ಹಾಕಿಸಿ ಕೆಳಗಿನ ಬಾಯಿಗೆ ಮುಚ್ಚಳ ಕೊಡಿಸಿದರೆ ಬಿಚ್ಚುವ ಕೆಲಸವೇ ಇಲ್ಲ, ಮುಚ್ಚಳ ತೆಗೆದು ಮಸಿ ಉದುರಿಸಿದರೆ ಆಯಿತು. ಮುಚ್ಚಳ ಬಿಗಿಯಾಗಿರಲಿ, ಅಲ್ಲಿಂದ ಗಾಳಿ ಸೋರಿದರೆ ಎಳೆತ ಮತ್ತೆ ಬೀಳುತ್ತದೆ.

ಪೀಣ್ಯ_ವೆಲ್ಡಿಂಗ್

ಎರಡು ಟಿ, ಒಂದು ಜಾಲರಿ, ಎರಡು ಬಾಗಿಲು. ಬರೆದುಕೊಂಡೆ. ಶನಿವಾರ ಬರುತ್ತೇನೆ ಸರ್, ಒಲೆ ಹಚ್ಚಬೇಡಿ ಅಂತ ಅಪ್ಪಾಜಿಗೆ ಹೇಳಿಡಿ.